ಹಲ್ಲು ಗೋಕಾಕದ್ದು, ಬುರುಡೆ ಮಡಗಾಸ್ಕರದ್ದು

1

ಚನ್ನಗಿರಿ. ಚಿಕ್ಕಪ್ಪ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ದಾವಣಗೆರೆಗೆ ಕರೆದುಕೊಂಡು ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದರು. ಫಿಲ್ಮು ಮನೆಗೆ ಬಂದಿದೆ. ಒಂದು ಹಾಳೆಯಲ್ಲಿ 20 ತಲೆ, ಅಷ್ಟೂ ಚಿಕ್ಕಪ್ಪನವೇ. ಕಿವಿಯ ಮಟ್ಟದಿಂದ ಶುರುವಾಗಿ ನೆತ್ತಿಗೆ ಹೋಗುತ್ತವೆ. ಕೊನೆಯ ಚಿತ್ರದಲ್ಲಿ ಒಂದು ಬಿಳಿ ಬಳೆ, ಅಷ್ಟೆ.

2

ವರದಿಯಲ್ಲಿ ಅಸಹಜವಾದದ್ದೇನೂ ಕಂಡಿಲ್ಲ ಎಂದಿದೆ. ನೋಡಲು ಬಂದವರಿಗೆಲ್ಲ ಚಿಕ್ಕಪ್ಪ ಸಮಾಧಾನದಿಂದ ಹೇಳುತ್ತಿದ್ದರು: "ತಲೇಲಿ ಏನೂ ಇಲ್ಲ ಅಂದ್ರು."

3

ಎಲುಬು ಬಿಳಿ. ಗಾಳಿ ಕಪ್ಪು. ಮೆದುಳು ಬೂದು. ಇದಕ್ಕೊಂದು ಅಳತೆಗೋಲಿದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಎಲುಬಿಗೆ 1000 ಮತ್ತು ಮೇಲೆ. ಅಳತೆಗೆ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಎಂಜಿನಿಯರನ ಹೆಸರು. ಅವನ ಯಂತ್ರ ಮೊದಲ ರೋಗಿಯ ತಲೆ ನೋಡಿದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. 1979ರಲ್ಲಿ ನೊಬೆಲ್ ಬಂತು.

4

ಹೌನ್ಸ್‌ಫೀಲ್ಡ್ ಸಂಬಳಕ್ಕಿದ್ದದ್ದು ಇಎಂಐ ಕಂಪನಿಯಲ್ಲಿ. ಹಳೆಯ ಗ್ರಾಮಫೋನ್ ತಟ್ಟೆಯ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತ ನಾಯಿ ಇರುತ್ತಿತ್ತಲ್ಲ, ಆ ಎಚ್‌ಎಂವಿ ಗುರುತೂ ಅದೇ ಕಂಪನಿಯದು. ಈಗ ಇಎಂಐ ಅಂದರೆ ಜಗಳೂರಿನಲ್ಲಿ ಟ್ರ್ಯಾಕ್ಟರಿನ ಕಂತು.

5

ಅದೇ ಮನೆ, ಅದೇ ಸಂಜೆ. ಅಜ್ಜಿ ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುತ್ತಿದ್ದರು. ಹೋಳಿನ ಮುಖದಲ್ಲಿ ಬಿಳಿ ತಿರುಳು, ಒಳಕ್ಕೆ ಮಡಚಿಕೊಂಡು ಹೋದ ಕಂದು ಗೆರೆಗಳು, ನಡುವೆ ಒಂದು ಪೊಳ್ಳು. ಒಂದು ಹೋಳನ್ನು ಫಿಲ್ಮಿನ ಪಕ್ಕಕ್ಕೆ ಹಿಡಿದೆ. ಏಳನೆಯ ಚಿತ್ರಕ್ಕೆ ಹೊಂದುತ್ತಿತ್ತು. ಅಜ್ಜಿ ಹೋಳನ್ನು ಕೈಯಿಂದ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.

6

ಬುರುಡೆ ಅಂದರೆ ತಲೆಯ ಎಲುಬು. ಒಣಗಿದ ಸೋರೆಯೂ ಬುರುಡೆ. ದೀಪದ ಬಲ್ಬೂ ಬುರುಡೆ. ಸುಳ್ಳು ಹೇಳುವುದೂ ಬುರುಡೆ ಬಿಡುವುದು. ನಾಲ್ಕರಲ್ಲೂ ಒಳಗೆ ಪೊಳ್ಳು.

7

ಸ್ಕ್ಯಾನ್ ಬರುವ ಮೊದಲು ಕಲ್ಲಾದ ಬುರುಡೆಯ ಒಳಗನ್ನು ನೋಡುವ ದಾರಿ ಒಂದಿತ್ತು: ಸಾಣೆ ಹಿಡಿಯುವುದು. ಒಂದು ಎಳೆಯಷ್ಟು ಸವೆಸು, ಚಿತ್ರ ಬರೆದುಕೊ, ಇನ್ನೊಂದು ಎಳೆ ಸವೆಸು, ಮತ್ತೆ ಬರೆದುಕೊ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ವಿಲಿಯಂ ಸೋಲಾಸ್ ಇದನ್ನು ಪದ್ಧತಿಯಾಗಿ ಬೆಳೆಸಿದ. 1914ರಲ್ಲಿ ಅವನೂ ಅವನ ಮಗಳು ಇಗರ್ನಾಳೂ ಸೇರಿ ಡೈಸಿನೊಡಾನ್ ಎಂಬ ಪ್ರಾಣಿಯ ಬುರುಡೆಯ ಒಳಗನ್ನು ಹೀಗೆ ವಿವರಿಸಿದರು. ಡೈಸಿನೊಡಾನ್ ಸಸ್ತನಿಯಲ್ಲ, ಸಸ್ತನಿಗಳಿಗೆ ದೂರದ ದಾಯಾದಿ.

ಕೆಲಸ ಮುಗಿದಾಗ ಚಿತ್ರಗಳ ಕಟ್ಟು ಇರುತ್ತಿತ್ತು. ಬುರುಡೆ ಇರುತ್ತಿರಲಿಲ್ಲ.

8

ಪೋಲೆಂಡಿನ ಜೋಫಿಯಾ ಕೀಲನ್-ಯಾವೊರೊವ್ಸ್ಕಾ ಗೋಬಿ ಮರುಭೂಮಿಯಿಂದ ಇಲಿ ಗಾತ್ರದ ಸಸ್ತನಿಗಳ ಬುರುಡೆ ತಂದವಳು. ಇಬ್ಬರು ಸಹೋದ್ಯೋಗಿಗಳ ಜೊತೆ ಅವುಗಳಲ್ಲಿ ಕೆಲವನ್ನು ಪದರ ಪದರವಾಗಿ ಬಿಡಿಸಿ, ತಲೆಯೊಳಗೆ ರಕ್ತನಾಳ ಹರಿದ ದಾರಿಗಳನ್ನು 1986ರಲ್ಲಿ ಪ್ರಕಟಿಸಿದಳು. ಮರುಭೂಮಿಗೆ ಹೋಗಿ, ಹುಡುಕಿ, ತಂದು, ಸವೆಸಿದ್ದು. ಸವೆಸುವಾಗ ಕೈ ಹೇಗೆ ಬಂತೋ.

9

ಅದಕ್ಕೆ ಎರಡು ವರ್ಷ ಮುಂಚೆಯೇ, 1984ರಲ್ಲಿ, ಅಮೆರಿಕದ ಕಾನ್ರಾಯ್ ಮತ್ತು ವ್ಯಾನಿಯರ್ ಮಣ್ಣುಕಲ್ಲು ತುಂಬಿಕೊಂಡಿದ್ದ ಪಳೆಯುಳಿಕೆ ಬುರುಡೆಯನ್ನು ಸಿಟಿ ಯಂತ್ರಕ್ಕೆ ಹಾಕಿ, ಮುಟ್ಟದೆ ಒಳಗು ತೋರಿಸಿದ್ದರು. ಎರಡು ಪದ್ಧತಿಗಳೂ ಕೆಲವು ಕಾಲ ಜೊತೆಯಲ್ಲೇ ನಡೆದವು.

10

ಆಸ್ಪತ್ರೆಯಲ್ಲಿ ರೋಗಿ ಅಲ್ಲಾಡದೆ ಮಲಗುತ್ತಾನೆ, ಯಂತ್ರ ಸುತ್ತುತ್ತದೆ. ಚಿಕ್ಕ ವಸ್ತುಗಳನ್ನು ನೋಡುವ ಮೈಕ್ರೋ ಸಿಟಿಯಲ್ಲಿ ಯಂತ್ರ ಅಲ್ಲಾಡುವುದಿಲ್ಲ, ಬುರುಡೆ ಸುತ್ತುತ್ತದೆ.

ಚಿಕ್ಕಪ್ಪನಿಗೆ ಕೆಲವೇ ಸೆಕೆಂಡು. 19 ಕೋಟಿ ವರ್ಷದ ಹಿಂದೆ ಸತ್ತದ್ದಕ್ಕೆ ಗಂಟೆಗಟ್ಟಲೆ ಕಿರಣ ಬಿಟ್ಟರೂ ಕೇಳುವವರಿಲ್ಲ.

11

ಹೊನ್ನಾಳಿ. ಭಾನುವಾರ, ಮಾಂಸದ ಅಂಗಡಿ. ಹುಣಸೆ ಕೊರಡಿನ ಮೇಲೆ ಸುಟ್ಟ ಕುರಿತಲೆ. ಮಚ್ಚಿನ ಒಂದೇ ಏಟಿಗೆ ಎರಡು ಹೋಳು. ಮೂಗಿನೊಳಗೆ ಸುರುಳಿ ಸುತ್ತಿದ ಎಲುಬು, ಹಪ್ಪಳಕ್ಕಿಂತ ತೆಳು. ಅದರ ಹಿಂದೆ ಜರಡಿಯಂತೆ ತೂತು ಬಿದ್ದ ಒಂದು ಗೋಡೆ. ಅದರ ಹಿಂದೆ ಮೆದುಳು. ವಾಸನೆಯ ನರಗಳು ಆ ತೂತುಗಳಲ್ಲಿ ಹಾದು ಹೋಗುತ್ತವೆ.

ಕುರಿಗೆ ಮೂಗಿನ ಕೋಣೆ ಮೆದುಳಿನ ಕೋಣೆಗಿಂತ ಎಷ್ಟೋ ಉದ್ದ.

12

"ಏನ್ ನೋಡ್ತಿದೀರಾ ಸರ್?"

"ಕಿವಿ ಒಳಗಿನ ಎಲುಬು ಬೇಕಿತ್ತು."

"ಎಷ್ಟು ಕೆ.ಜಿ.?"

13

ಕಿವಿಯ ಒಳಭಾಗವನ್ನು ಹೊತ್ತ ಎಲುಬು ತಲೆಯಲ್ಲೇ ಗಟ್ಟಿ. ಅಂಗಡಿಯವರು ತೋರಿಸಿದರು, ಮಚ್ಚಿನ ಹಿಂಬದಿಯಿಂದ ಕುಟ್ಟಿದರೂ ಅದು ಜಾರಿತೇ ಹೊರತು ಒಡೆಯಲಿಲ್ಲ. ಬುರುಡೆ ಪುಡಿಯಾದ ಮೇಲೂ ಇದೊಂದು ಉಳಿದು ಕಲ್ಲಾಗುವುದುಂಟು. ಇನ್ನೊಂದು ಹಾಗೆ ಉಳಿಯುವುದು ಹಲ್ಲು.

14

ಶಾಲೆಯ ಪುಸ್ತಕದಲ್ಲಿ ಕಿವಿಯ ಮೂರು ಮೂಳೆಗಳು: ಸುತ್ತಿಗೆ, ಅಡಿಗಲ್ಲು, ರಿಕಾಪು. ಮೊದಲೆರಡು ಹಿಂದೆ ದವಡೆಯ ಕೀಲಾಗಿದ್ದವು. ಹಲ್ಲಿಯಲ್ಲಿ ಇವತ್ತಿಗೂ ಅಲ್ಲೇ ಇವೆ. 1837ರಲ್ಲಿ ಕಾರ್ಲ್ ರೈಖರ್ಟ್ ಹಂದಿಯ ಭ್ರೂಣಗಳನ್ನು ನೋಡಿ ಈ ಸಂಬಂಧ ಹೇಳಿದ. ಕಾಂಗರೂ ಮರಿ ಹುಟ್ಟಿದಾಗ ಆ ಮೂಳೆಗಳು ಇನ್ನೂ ದವಡೆಗೆ ಅಂಟಿಕೊಂಡೇ ಇರುತ್ತವೆ. ಹಾಲು ಕುಡಿಯುತ್ತ ಕುಡಿಯುತ್ತ ಕಿವಿಗೆ ಸರಿಯುತ್ತವೆ.

ಮಾರ್ಗನುಕೊಡಾನ್ ಎಂಬ ಹಳೆಯ ಪ್ರಾಣಿಗೆ ಎರಡೂ ಕೀಲು ಒಟ್ಟಿಗೆ ಇದ್ದವು. ಹಳೆಯದು, ಹೊಸದು, ಅಕ್ಕಪಕ್ಕ.

15

ಅಜ್ಜಿ ಅಡಿಕೆ ಅಗಿಯುವಾಗ ಕರೆದರೆ ಕೇಳುವುದಿಲ್ಲ. ಅಗಿಯುವುದು ನಿಲ್ಲಿಸಿ, "ಏನಂದೆ?" ಅನ್ನುತ್ತಾರೆ.

16

ಹೊನ್ನಾಳಿಯ ಅಕ್ಕಸಾಲಿಗರ ಅಂಗಡಿ. 2 ಗ್ರಾಂ ಉಂಗುರ ಹೇಗಿರುತ್ತದೆ ಎಂದು ಕೇಳಿದೆ. ಅಂಗೈಯಲ್ಲಿ ಇಟ್ಟರು. ಇದ್ದಂತೆಯೇ ಅನಿಸಲಿಲ್ಲ.

ಹಾಡ್ರೊಕೋಡಿಯಂ ವುಯಿ ಎಂಬ ಸಸ್ತನಿ ವಂಶದ ಪ್ರಾಣಿ, ಬದುಕಿದ್ದಾಗ ಅಂದಾಜು 2 ಗ್ರಾಂ. ಬುರುಡೆಯ ಉದ್ದ 12 ಮಿ.ಮೀ., ಒಂದು ಹುಣಸೆ ಬೀಜ. ಚೀನಾದ ಯುನ್ನಾನಿನಲ್ಲಿ ಸಿಕ್ಕಿದ್ದು, ಸುಮಾರು 19.5 ಕೋಟಿ ವರ್ಷ ಹಳೆಯದು. ಹೆಸರಿನ ಅರ್ಥ ತುಂಬು ತಲೆ. 2001ರಲ್ಲಿ ಹೆಸರಿಟ್ಟರು.

17

ಲೆಕ್ಕ ಹಾಕಿದೆ. ಆಸ್ಪತ್ರೆಯ ಯಂತ್ರ 1 ಮಿ.ಮೀ.ಗೆ ಒಂದು ಚಿತ್ರ ತೆಗೆದರೆ ಈ ಬುರುಡೆಗೆ 12 ಚಿತ್ರ. ಒಂದು ಹಾಳೆಯೂ ತುಂಬುವುದಿಲ್ಲ. ಅದಕ್ಕೇ ಮೈಕ್ರೋ ಸಿಟಿ. ಅದು ಮಿಲಿಮೀಟರನ್ನು ಹತ್ತಾರು, ಕೆಲವೊಮ್ಮೆ ನೂರಾರು ಪದರ ಮಾಡುತ್ತದೆ.

18

ಒಳಗೆ ಮೆದುಳಿಲ್ಲ. ಮೆದುಳು ಇದ್ದ ಜಾಗ ಇದೆ. ಜಾಗಕ್ಕೆ ಆಕಾರ ಇದೆ. ಬೆಲ್ಲ ತೆಗೆದ ಮೇಲೂ ಅಚ್ಚಿನಲ್ಲಿ ಬೆಲ್ಲದ ಗಾತ್ರ ಉಳಿದಂತೆ. ಕಂಪ್ಯೂಟರು ಆ ಜಾಗವನ್ನು ಬಣ್ಣದಿಂದ ತುಂಬುತ್ತದೆ, ಇಲ್ಲದ ಮೆದುಳು ಪರದೆಯ ಮೇಲೆ ತಿರುಗುತ್ತದೆ.

ಕಷ್ಟವೂ ಇದೆ. ಚಿಕ್ಕಪ್ಪನ ತಲೆಯಲ್ಲಿ ಎಲುಬು ಬಿಳಿ, ಉಳಿದದ್ದು ಬೂದು, ಕಲಸಿಹೋಗುವುದಿಲ್ಲ. ಪಳೆಯುಳಿಕೆಯಲ್ಲಿ ಎಲುಬೂ ಕಲ್ಲು, ತುಂಬಿಕೊಂಡದ್ದೂ ಕಲ್ಲು. ಬೂದಿನ ಪಕ್ಕದಲ್ಲಿ ಬೂದು. ಆಗ ಯಾರಾದರೂ ಕೂತು ಒಂದೊಂದೇ ಪದರದಲ್ಲಿ ಎಲುಬಿನ ಅಂಚಿಗೆ ಕೈಯಿಂದ ಗೆರೆ ಎಳೆಯಬೇಕು. ನೂರಾರು ಪದರ. ಹೊಲದ ಬದು ಅಳೆಯುವ ಸರ್ವೆಯವರ ಕೆಲಸದಂತೆ.

19

2011ರಲ್ಲಿ ಟಿಮೊಥಿ ರೋವ್ ಮತ್ತು ಜೊತೆಗಾರರು ಮಾರ್ಗನುಕೊಡಾನ್ ಮತ್ತು ಹಾಡ್ರೊಕೋಡಿಯಂ ಬುರುಡೆಗಳ ಒಳಗನ್ನು ಹೀಗೆ ನೋಡಿ ಬರೆದರು. ಮೊದಲು ದೊಡ್ಡದಾದದ್ದು ವಾಸನೆ ನೋಡುವ ಭಾಗ. ಜೊತೆಗೆ ಮೈಕೂದಲಿನ ಸ್ಪರ್ಶಕ್ಕೆ ಸಂಬಂಧಿಸಿದ ಭಾಗ. ಕೈಕಾಲಿನ ಚಲನೆ ಕೂಡಿಸುವ ಭಾಗವೂ.

ಕೂದಲು ಬೆಚ್ಚಗಿರಲು ಬಂತೆಂದು ಓದಿದ್ದೆ. ಇವರ ಪ್ರಕಾರ ಮೊದಲು ಮುಟ್ಟಿ ತಿಳಿಯಲು.

20

ಹಲ್ಲಿನ ಬೇರಿಗೆ ವರ್ಷಕ್ಕೊಂದು ಪದರ ಕೂರುತ್ತದೆ, ಮರದ ಉಂಗುರದಂತೆ. ಹೆಚ್ಚು ಪ್ರಖರವಾದ ಎಕ್ಸ್-ಕಿರಣದಿಂದ ಅವನ್ನು ಎಣಿಸಿ 2020ರಲ್ಲಿ ಪ್ರಕಟಿಸಿದರು. ಇಲಿ ಗಾತ್ರದ ಮಾರ್ಗನುಕೊಡಾನ್ 14 ವರ್ಷದವರೆಗೆ ಬದುಕಿದ್ದುಂಟು. ಅದರ ಜೊತೆಯ ಕ್ಯೂನಿಯೊಥೀರಿಯಂ 9 ವರ್ಷ.

ನಮ್ಮ ಮನೆಯ ಇಲಿ ಒಂದೆರಡು ವರ್ಷ ಬಾಳಿದರೆ ಹೆಚ್ಚು.

21

ನ್ಯಾಮತಿ. ತಾಲ್ಲೂಕಾಗಿ ಇನ್ನೂ ಹತ್ತು ವರ್ಷ ತುಂಬಿಲ್ಲ. ಕೆಳಗಿನ ಕಲ್ಲಿಗೆ 250 ಕೋಟಿ ವರ್ಷ ದಾಟಿದೆ. ಧಾರವಾಡ ಶಿಲೆ ಎನ್ನುತ್ತಾರೆ. ಕುದುರೆಕೊಂಡದ ಕಡೆ ಹಳೆಯ ಚಿನ್ನದ ಗಣಿಗಳಿದ್ದವು. ಈ ಕಲ್ಲಿನಲ್ಲಿ ಎಲುಬು ಸಿಗುವುದಿಲ್ಲ. ಅದು ಆಗುವಾಗ ಲೋಕದಲ್ಲಿ ಎಲುಬೇ ಇರಲಿಲ್ಲ.

ಚನ್ನಗಿರಿ, ಹೊನ್ನಾಳಿ, ಜಗಳೂರಿಗೂ ಇದೇ ಮಾತು. ಸಸ್ತನಿಯ ಹಲ್ಲು ಬೇಕೆಂದರೆ ಉತ್ತರಕ್ಕೆ ಹೋಗಬೇಕು, ದಖನ್ನಿನ ಕಪ್ಪುಕಲ್ಲು ಶುರುವಾಗುವ ಕಡೆಗೆ.

22

ಗೋಕಾಕ. ಜಲಪಾತ, ಕರದಂಟು, ನೂಲಿನ ಗಿರಣಿ. ನಾಲ್ಕನೆಯದು: ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕೆರೆಮಣ್ಣಿನಲ್ಲಿ ಒಂದು ಸಸ್ತನಿಯ ಹಲ್ಲುಗಳು. ಡೈನೋಸಾರುಗಳ ಕೊನೆಗಾಲದ ಹೊತ್ತಿನವು. ಒಂದು ಲಾವಾ ಹರಿವು ತಣ್ಣಗಾಗಿ ಇನ್ನೊಂದು ಬರುವ ಮೊದಲು ಅಲ್ಲಿ ನೀರು ನಿಂತಿತ್ತು. ನೀರಿಗೆ ಪ್ರಾಣಿಗಳು ಬಂದಿದ್ದವು.

23

ಇದೇ ಪ್ರಾಣಿಯ ಮೊದಲ ಹಲ್ಲು ಸಿಕ್ಕಿದ್ದು ನಸ್ಕಲ್ಲಿನಲ್ಲಿ, ಈಗಿನ ತೆಲಂಗಾಣ, 1989ರಲ್ಲಿ. ವರದಿಯಾದದ್ದು 1997ರಲ್ಲಿ. ಹೆಸರು ಬಂದದ್ದು 2007ರಲ್ಲಿ, ಅದೂ ಎರಡು. ಒಂದು ತಂಡ ಭಾರತಥೀರಿಯಂ ಎಂದಿತು, ಇನ್ನೊಂದು ತಂಡ ದಕ್ಷಿಣಾ ಎಂದಿತು. ಒಂದಕ್ಕೊಂದು ಗೊತ್ತಿಲ್ಲದೆ, ಒಂದೇ ವರ್ಷ. ಭಾರತ ಮೊದಲು ಅಚ್ಚಾಯಿತು, ಅದೇ ನಿಂತಿತು. ದಕ್ಷಿಣಾ ಅಡಿಟಿಪ್ಪಣಿಗೆ ಹೋಯಿತು.

ಹೆಸರು ಎರಡು. ಹಲ್ಲು ಬೆರಳೆಣಿಕೆಯಷ್ಟು. ದೊಡ್ಡ ದವಡೆಹಲ್ಲಿನ ಎತ್ತರ 8.5 ಮಿ.ಮೀ. ತಲೆ ಸಿಕ್ಕಿಲ್ಲ.

24

ಹಲ್ಲು ಹುಡುಕುವ ಬಗೆ: ಮಣ್ಣನ್ನು ಚೀಲಗಟ್ಟಲೆ ತರುವುದು, ನೆನೆಹಾಕುವುದು, ಜರಡಿಯಲ್ಲಿ ತೊಳೆಯುವುದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ ಆರಿಸುವುದು. ಹಿಂದೆ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಮನೆಯಲ್ಲಿ ಅಕ್ಕಿ ಜಾಲಿಸುವಾಗ ಕಲ್ಲು ಬಿಟ್ಟು ಅಕ್ಕಿ ಇಟ್ಟುಕೊಳ್ಳುತ್ತೇವೆ.

25

ಮಧ್ಯಪ್ರದೇಶದ ಟಿಕಿಯಲ್ಲಿ ಒಂದು ಹಲ್ಲು ಸಿಕ್ಕಿತ್ತು. ಟಿಕಿಥೀರಿಯಂ ಎಂದು 2005ರಲ್ಲಿ ಹೆಸರಿಟ್ಟರು. 20 ಕೋಟಿ ವರ್ಷಕ್ಕೂ ಹಿಂದಿನದು, ಸಸ್ತನಿ ವಂಶದ ಬುಡದಲ್ಲಿದ್ದದ್ದು ಎಂದರು. 2024ರಲ್ಲಿ ರಷ್ಯಾದ ಇಬ್ಬರು ಅದನ್ನು ಮತ್ತೆ ಪರಿಶೀಲಿಸಿ ಬೇರೆ ಹೇಳಿದರು: ಇದು ಸುಂಡಿಲಿಯ ಹಲ್ಲು, ತೀರಾ ಈಚಿನದು.

ಆ ವಂಶದ ಬುಡದ ಪ್ರಾಣಿಗಳನ್ನು ಸುಂಡಿಲಿಯಂತಿದ್ದವು ಎಂದೇ ಪುಸ್ತಕಗಳು ಬಣ್ಣಿಸುತ್ತವೆ.

26

ಈಗ ತಲೆಯ ಕತೆ. ಮಡಗಾಸ್ಕರಿನಲ್ಲಿ 2010ರಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ಜೋಸೆಫ್ ಸರ್ಟಿಚ್ ಒಂದು ಕಲ್ಲುಗಟ್ಟಿ ಅಗೆದು ತೆಗೆದ. ಒಳಗೆ ಮೀನಿನ ಪಳೆಯುಳಿಕೆಗಳಿವೆ ಎಂದು ಅಮೆರಿಕಕ್ಕೆ ಬಂತು. ಮೀನು ಎಲ್ಲೆಲ್ಲಿದೆ ನೋಡೋಣವೆಂದು ಸಿಟಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಮೀನಿನ ನಡುವೆ ಒಂದು ಸಸ್ತನಿಯ ಬುರುಡೆ ನೋಡುತ್ತಿತ್ತು.

ಆಮೇಲೆ ತಿಂಗಳುಗಟ್ಟಲೆ ಮರಳಿನ ಕಾಳು ಕಾಳು ಬಿಡಿಸಿ ಅದನ್ನು ಹೊರಗೆ ತಂದರು. 2014ರಲ್ಲಿ ಡೇವಿಡ್ ಕ್ರಾಸ್ ಮತ್ತು ಸಂಗಡಿಗರು ಹೆಸರಿಟ್ಟರು: ವಿಂಟಾನಾ. ಮಲಗಾಸಿ ಭಾಷೆಯಲ್ಲಿ ಅದೃಷ್ಟ.

27

ವಿಂಟಾನಾದ ಬುರುಡೆ ಸುಮಾರು 12.5 ಸೆಂ.ಮೀ. ತೂಕ ಅಂದಾಜು 9 ಕೆ.ಜಿ. ಆ ಕಾಲದ ಸಸ್ತನಿಗಳ ಎದುರು ಆನೆ. ಕಣ್ಣಿನ ಗುಳಿ ದೊಡ್ಡದು. ವಾಸನೆಯ ಭಾಗ ದೊಡ್ಡದು. ಉಳಿದ ಮೆದುಳು ಚಿಕ್ಕದು. ಕೆನ್ನೆ ಎಲುಬಿನಿಂದ ಎರಡು ಕತ್ತಿಗಳು ಕೆಳಕ್ಕೆ ಇಳಿಬಿದ್ದಿವೆ, ಕುಡುಗೋಲಿನಂತೆ. ದವಡೆ ಎಳೆಯುವ ಸ್ನಾಯುಗಳಿಗೆ ಹಿಡಿ. ಒಳಗಿವಿಯ ಸುರುಳಿ ಸುತ್ತಿಲ್ಲ, ಸ್ವಲ್ಪ ಬಾಗಿದೆ ಅಷ್ಟೆ. ನಮ್ಮದು ಎರಡೂವರೆ ಸುತ್ತು.

28

ಭಾರತಥೀರಿಯಂ ಮತ್ತು ವಿಂಟಾನಾ ಒಂದೇ ಪ್ರಾಣಿಯಲ್ಲ. ಒಂದೇ ಬಳಗ, ಗೊಂಡ್ವಾನಾಥೀರಿಯಾ. ಬಳಗಕ್ಕೆ ಹೆಸರು ಕೊಟ್ಟ ಹಲ್ಲುಗಳು ಅರ್ಜೆಂಟೀನಾದವು, 1986ರಲ್ಲಿ ಹೆಸರಿಸಿದ್ದು. ಆಗ ಅವು ಸ್ಲಾತ್ ಮತ್ತು ಆರ್ಮಡಿಲೋಗಳ ನೆಂಟರಿರಬಹುದೆಂದುಕೊಂಡಿದ್ದರು. ಹಲ್ಲು ಮಾತ್ರ ನೋಡಿ ಹೇಳಿದ್ದು.

ಗೊಂಡ್ವಾನಾ ಅಂದರೆ ಗೊಂಡರ ನಾಡು. ಅರ್ಜೆಂಟೀನಾದ ಹಲ್ಲಿಗೂ ಮಡಗಾಸ್ಕರದ ತಲೆಗೂ ನಮ್ಮ ಗೊಂಡರ ಹೆಸರು.

29

ಅದೇ ಮಡಗಾಸ್ಕರಿನಲ್ಲಿ 1999ರಲ್ಲೇ ಅದೇ ಬಳಗದ ಇನ್ನೊಂದು ಸಿಕ್ಕಿತ್ತು, ಹೆಚ್ಚುಕಡಿಮೆ ಪೂರ್ತಿ ಅಸ್ಥಿಪಂಜರ. ಪ್ರಕಟವಾದದ್ದು 2020ರಲ್ಲಿ. ಅಡಾಲಥೀರಿಯಂ: ಹುಚ್ಚು ಪ್ರಾಣಿ. ತೂಕ 3.1 ಕೆ.ಜಿ. ಮೂತಿಯ ಎಲುಬಿನಲ್ಲಿ ಗೊತ್ತಿರುವ ಯಾವ ಸಸ್ತನಿಗಿಂತಲೂ ಹೆಚ್ಚು ತೂತು. ನರ ಮತ್ತು ರಕ್ತನಾಳ ಹೋಗುವ ದಾರಿಗಳು. ಮೀಸೆ ಇದ್ದಿರಬೇಕು, ಮೂತಿ ಬಹಳ ಸೂಕ್ಷ್ಮವಾಗಿದ್ದಿರಬೇಕು ಎಂದು ಅರ್ಥ.

ಮೂತಿಯ ಮೇಲ್ಗಡೆ ಒಂದು ದೊಡ್ಡ ತೂತು ಬೇರೆ ಇದೆ. ಅಂಥದ್ದು ಇನ್ನಾವ ಸಸ್ತನಿಗೂ ಇಲ್ಲ. ಏಕೆಂದು ಗೊತ್ತಿಲ್ಲ.

30

ಜಗಳೂರು. ಬೋರ್‌ವೆಲ್ ಹಾಕಿಸುವ ಮೊದಲು ನೀರು ನೋಡುವವರು ಬಂದಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಇಟ್ಟುಕೊಂಡು ಹೊಲದಲ್ಲಿ ನಡೆದರು. ಒಂದು ಕಡೆ ಕಾಯಿ ಎದ್ದು ನಿಂತಿತು. ಅಲ್ಲಿ ಗುರುತಿಗೆ ಕಲ್ಲಿಟ್ಟರು. ಕೆಳಗೆ ಎಷ್ಟು ಅಡಿಗೆ ಎಂದೂ ಹೇಳಿದರು.

ಕಾಯಿಯನ್ನು ತಿರುಗಿಸಿ ನೋಡಿದೆ. ಮೂರು ಕಣ್ಣು. ಅದರಲ್ಲಿ ಒಂದು ಮಾತ್ರ ಮೆತ್ತಗಿರುತ್ತದೆ.

31

ಬೋರ್ ಲಾರಿ ಬಂತು. ಕಲ್ಲಿನ ಹಿಟ್ಟು ಹೊರಗೆ ಹಾರಿತು. ಮೊದಲು ಕೆಂಪು, ಆಮೇಲೆ ಬೂದು, ಆಮೇಲೆ ಬಿಳಿ, ಮತ್ತೆ ಬೂದು. ಪ್ರತಿ ರಾಡಿಗೂ ಒಂದು ಹಿಡಿ ಹಿಟ್ಟನ್ನು ಸಾಲಾಗಿ ನೆಲದ ಮೇಲೆ ಹಾಕುತ್ತ ಹೋದರು. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಭೂಮಿಯೊಳಕ್ಕೆ ಇಳಿದ ಹಾಗೆ.

"ಎಲುಬು ಗಿಲುಬು ಬಂದದ್ದುಂಟಾ ಅಣ್ಣ?"

"ಎಲುಬಾ? ನೀರೇ ಬರ್ತಿಲ್ಲ ಸರ್."

32

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡು 2011ರಿಂದ ಕೊಂಡುಕುರಿಯ ಧಾಮ. ಗಂಡಿಗೆ ನಾಲ್ಕು ಕೊಂಬು. ಹಿಂದಿನ ಜೋಡಿ ಕಿವಿಯ ಹತ್ತಿರ, ಮುಂದಿನ ಜೋಡಿ ಹಣೆಯಲ್ಲಿ, ಮೊಳಕೆಯಷ್ಟು. ಈಗಿರುವ ಹುಲ್ಲೆಗಳಲ್ಲಿ ನಾಲ್ಕು ಕೊಂಬಿನದು ಇದೊಂದೇ. ನಾನು ನೋಡಿದ್ದು ಬೋರ್ಡಿನ ಮೇಲಿನ ಚಿತ್ರ. ಬಿಸಿಲಿಗೆ ಬಣ್ಣ ಹೋಗಿ ಮುಂದಿನ ಎರಡು ಕೊಂಬು ಕಾಣುತ್ತಿರಲಿಲ್ಲ.

ಇದರ ತಲೆಯೊಂದು ಸಿಗದೆ ಬರೀ ಹಲ್ಲು ಸಿಕ್ಕಿದ್ದರೆ ಕೊಂಬು ಎಷ್ಟೆಂದು ಹೇಳುತ್ತಿದ್ದರೋ.

33

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ. ಮಡಗಾಸ್ಕರ ನಮ್ಮ ಕರಾವಳಿಯಿಂದ ಬಿಟ್ಟು ಹೋಗುತ್ತಿದ್ದ ಹೊತ್ತು. ಮಡಗಾಸ್ಕರದ ಈಶಾನ್ಯದ ಕಲ್ಲು ಧಾರವಾಡದ ಹಳೆಯ ಕಲ್ಲಿಗೆ ಹೊಂದುತ್ತದೆ ಎಂದು ಭೂವಿಜ್ಞಾನಿಗಳು ಜೋಡಿಸಿ ತೋರಿಸುತ್ತಾರೆ.

ಗೋಕಾಕದ ಹಲ್ಲು, ಮಡಗಾಸ್ಕರದ ಬುರುಡೆ ಎರಡೂ ಅದಕ್ಕಿಂತ ಸುಮಾರು 2 ಕೋಟಿ ವರ್ಷ ಈಚಿನವು.

34

ಎ. ರಂಗರಾವ್ ಎಂಬ ಭೂವಿಜ್ಞಾನಿ ಜಮ್ಮುವಿನ ಕಾಲಾಕೋಟ್‌ನಿಂದ ಕಲ್ಲುಗಳನ್ನು ತಂದು ಕೂಡಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅವರ ಪತ್ನಿ ಆ ಕಲ್ಲುಗಳನ್ನು ಪಳೆಯುಳಿಕೆ ಸಂಶೋಧಕ ಹ್ಯಾನ್ಸ್ ಥೆವಿಸೆನ್‌ಗೆ ಒಪ್ಪಿಸಿದರು. ಅಮೆರಿಕದಲ್ಲಿ ಬಿಡಿಸುತ್ತಿದ್ದಾಗ ಒಂದು ಬುರುಡೆ ಕೈತಪ್ಪಿ ಮುರಿಯಿತು. ಮುರಿದ ಕಡೆ ಕಿವಿಯ ಎಲುಬಿನ ಒಳಗೋಡೆ ದಪ್ಪಗಿತ್ತು. ಹಾಗಿರುವುದು ತಿಮಿಂಗಿಲಗಳಿಗೆ. ಪ್ರಾಣಿ ಮಾತ್ರ ನಾಲ್ಕು ಕಾಲಿನದು, ಬೆಕ್ಕಿನಷ್ಟು ಗಾತ್ರದ್ದು. ಇಂಡೊಹ್ಯೂಸ್ ಎಂದು ರಂಗರಾವ್ ಅವರೇ 1971ರಲ್ಲಿ ಹೆಸರಿಟ್ಟಿದ್ದರು, ಹಲ್ಲು ಮತ್ತು ದವಡೆ ನೋಡಿ.

35

ಹೊನ್ನಾಳಿಯಿಂದ ತಂದ ಕಿವಿಯ ಎಲುಬನ್ನು ಕುದಿಸಿ, ಉಜ್ಜಿ, ಮೇಜಿನ ಮೇಲೆ ಇಟ್ಟಿದ್ದೇನೆ. ಅಡಿಕೆಗಿಂತ ಚಿಕ್ಕದು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನೋ ಸದ್ದು ಮಾಡುತ್ತದೆ. ಅಂಗಡಿಯವರು ದುಡ್ಡು ತಗೊಳ್ಳಲಿಲ್ಲ.

36

ಮತ್ತೆ ಚನ್ನಗಿರಿ, ಎರಡು ತಿಂಗಳ ಮೇಲೆ. ಅಡಿಕೆ ಶೆಡ್ಡಿನ ಕಿಟಕಿಯ ಗಾಜು ಒಡೆದಿತ್ತಂತೆ. ಚಿಕ್ಕಪ್ಪ ಆ ಚೌಕಕ್ಕೆ ಸ್ಕ್ಯಾನ್ ಫಿಲ್ಮನ್ನು ಟೇಪು ಹಾಕಿ ಅಂಟಿಸಿದ್ದಾರೆ. ಹಾಳೆ ತಲೆಕೆಳಗಾಗಿದೆ, ನೆತ್ತಿ ಮೊದಲು, ಕಿವಿ ಕೊನೆಗೆ. ಬಿಸಿಲು ಬಂದಾಗ 20 ತಲೆಗಳು ಅಡಿಕೆ ರಾಶಿಯ ಮೇಲೆ ಮಸುಕಾಗಿ ಬೀಳುತ್ತವೆ. ಸುಲಿಯುವ ಹೆಂಗಸರು ಅಲ್ಲಿಂದ ಸ್ವಲ್ಪ ಸರಿದು ಕೂತಿದ್ದರು. ಏಕೆಂದು ಕೇಳಿದೆ. ಬೆಳಕು ಸಾಲದು ಅಂದರು.